ಮಂಡಿನೋವಿನ ಆ ಮಾತ್ರೆ ಯಾಕೆ ನಿಂತಿತು, ಈಗಿನದರ ಕಥೆಯೇನು?

ಓದುಗರ ಪ್ರಶ್ನೆ:

ಡಾಕ್ಟರಿಗೆ ನಮಸ್ಕಾರ. ನನಗೆ 67 ವರ್ಷ, ನಿವೃತ್ತ ಹೈಸ್ಕೂಲ್ ಶಿಕ್ಷಕಿ, ಶಿವಮೊಗ್ಗ ಜಿಲ್ಲೆಯವಳು. 2002ರಲ್ಲಿ ಮಂಡಿನೋವು ಶುರುವಾದಾಗ ಮೂಳೆ ಡಾಕ್ಟರು ರೋಫೆಕಾಕ್ಸಿಬ್ 25 ಎಂಬ ಮಾತ್ರೆ ಬರೆದುಕೊಟ್ಟರು. ದಿನಕ್ಕೊಂದು ನುಂಗಿದರೆ ಸಾಕು, ಇಡೀ ದಿನ ನಿಂತು ಪಾಠ ಮಾಡುತ್ತಿದ್ದೆ, ಹೊಟ್ಟೆ ಉರಿ ಕೂಡ ಇರಲಿಲ್ಲ. ನನ್ನ ತಂಗಿಗೂ ಅದನ್ನೇ ಕೊಟ್ಟಿದ್ದರು, ಅವಳದು ಕೈಬೆರಳಿನ ಗಂಟುಗಳು ಊದಿಕೊಳ್ಳುವ ವಾತ. ಎರಡು ವರ್ಷವಾದ ಮೇಲೆ ಮೆಡಿಕಲ್ ಶಾಪಿನವರು "ಟೀಚರೇ, ಇದು ಬ್ಯಾನ್ ಆಯ್ತು, ಹಾರ್ಟಿಗೆ ತೊಂದರೆಯಂತೆ" ಎಂದರು. ಆಗ ನುಂಗಿದ್ದು ಈಗ ಹೃದಯಕ್ಕೆ ಏನಾದರೂ ಮಾಡೀತೇ ಎಂಬ ಹೆದರಿಕೆ ಇನ್ನೂ ಹೋಗಿಲ್ಲ.

ಈಗ ಎಂಟು ತಿಂಗಳಿಂದ ದಿನವೂ ಎಟೋರಿಕಾಕ್ಸಿಬ್ 90 ತೆಗೆದುಕೊಳ್ಳುತ್ತಿದ್ದೇನೆ. ಡಾಕ್ಟರು ಬರೆದದ್ದು ಹತ್ತು ದಿನಕ್ಕೆ, ಆಮೇಲೆ ಅದೇ ಚೀಟಿ ತೋರಿಸಿ ತರುತ್ತಿದ್ದೇನೆ. ಬಿಪಿಗೆ ಟೆಲ್ಮಿಸಾರ್ಟಾನ್ ಮತ್ತು ಹೈಡ್ರೋಕ್ಲೋರೋಥಯಾಜೈಡ್ ಸೇರಿದ ಮಾತ್ರೆ ಇದೆ. ಮೊದಲು 130 ಇರುತ್ತಿದ್ದ ಬಿಪಿ ಈಚೆಗೆ 150ರಿಂದ ಇಳಿಯುತ್ತಿಲ್ಲ, ಸಂಜೆಯಾದರೆ ಪಾದ ಊದುತ್ತದೆ. ಬೆಂಗಳೂರಿನಲ್ಲಿರುವ ಮಗ "ಅಮ್ಮಾ, ಇದೂ ಅದೇ ಜಾತಿಯ ಮಾತ್ರೆ" ಎನ್ನುತ್ತಾನೆ. ತಂಗಿ ವಾರಕ್ಕೊಮ್ಮೆ ತೆಗೆದುಕೊಳ್ಳುತ್ತಿದ್ದ ಮಾತ್ರೆ ಕ್ಯಾನ್ಸರಿನದು ಎಂದು ಯಾರೋ ಹೇಳಿದ್ದಕ್ಕೆ ಅದನ್ನು ಬಿಟ್ಟು ಬರೀ ನೋವಿನ ಮಾತ್ರೆಯಲ್ಲಿ ದಿನ ದೂಡುತ್ತಿದ್ದಾಳೆ. ಆ ಹಳೇ ಮಾತ್ರೆಯಷ್ಟು ಚೆನ್ನಾಗಿ ಕೆಲಸ ಮಾಡಿ ಹೃದಯಕ್ಕೆ ಏನೂ ಮಾಡದಂಥದ್ದು ಈಗ ಯಾವುದಿದೆ? ಅಂದಹಾಗೆ, ನಮ್ಮ ಯಜಮಾನರಿಗೆ ಸೊಂಟ ಹಿಡಿದಾಗ ನನ್ನ ಮಾತ್ರೆಯಲ್ಲೇ ಅರ್ಧ ಕೊಡುತ್ತೇನೆ. ಅವರಿಗೆ ಹೋದ ವರ್ಷ ಸ್ಟೆಂಟ್ ಹಾಕಿದ್ದಾರೆ.

ಉತ್ತರ:

"ಅಂದಹಾಗೆ" ಎಂದು ನೀವು ಕೊನೆಗೆ ಬರೆದದ್ದರಿಂದಲೇ ಶುರು ಮಾಡುತ್ತೇನೆ. ಯಜಮಾನರಿಗೆ ಆ ಅರ್ಧ ಮಾತ್ರೆ ಕೊಡುವುದನ್ನು ಇವತ್ತೇ ನಿಲ್ಲಿಸಿ. ಹೃದಯದ ರಕ್ತನಾಳದ ಕಾಯಿಲೆ ಇದ್ದವರಿಗೆ ಎಟೋರಿಕಾಕ್ಸಿಬ್ ಕೊಡಲೇಬಾರದು. ಸ್ಟೆಂಟ್ ಹಾಕಿಸಿಕೊಂಡವರು ಆಸ್ಪಿರಿನ್‌ನಂಥ ರಕ್ತ ತೆಳುವಾಗಿಸುವ ಮಾತ್ರೆಯಲ್ಲಿ ಇದ್ದೇ ಇರುತ್ತಾರೆ. ಅದರ ಜೊತೆ ನೋವಿನ ಮಾತ್ರೆ ಸೇರಿದರೆ ಹೊಟ್ಟೆಯಲ್ಲಿ ರಕ್ತಸ್ರಾವದ ಅಪಾಯವೂ ಏರುತ್ತದೆ. ಆಸ್ಪಿರಿನ್ ತೆಗೆದುಕೊಳ್ಳುವವರಿಗೆ ಐಬುಪ್ರೊಫೇನ್ ಕೂಡ ಸಲ್ಲ, ಅದು ಆಸ್ಪಿರಿನ್ ಮಾಡಬೇಕಾದ ಕೆಲಸಕ್ಕೇ ಅಡ್ಡ ಬರುತ್ತದೆ. ಸೊಂಟ ಹಿಡಿದಾಗ ಅವರಿಗೆ ಬಿಸಿ ಶಾಖ, ಪ್ಯಾರಾಸಿಟಮಾಲ್, ಸ್ವಲ್ಪ ಓಡಾಟ ಸಾಕು. ಸಾಕಾಗದಿದ್ದರೆ ಹೃದ್ರೋಗ ತಜ್ಞರನ್ನು ಕೇಳಿಯೇ ಮುಂದಿನದು. ಒಂದೇ ಸ್ಟ್ರಿಪ್ಪನ್ನು ಗಂಡ ಹೆಂಡತಿ ಹಂಚಿಕೊಳ್ಳುವುದನ್ನು ನಮ್ಮ ಒಪಿಡಿಯಲ್ಲಿ ದಿನಾ ನೋಡುತ್ತೇನೆ. ಪ್ರೀತಿಯಿಂದಲೇ ಮಾಡುತ್ತಾರೆ, ಬೈಯಲೂ ಆಗುವುದಿಲ್ಲ.

ಈಗ ನಿಮ್ಮ ಹಳೆಯ ಹೆದರಿಕೆ. ರೋಫೆಕಾಕ್ಸಿಬ್ ದೇಹದಿಂದ ಕೆಲವೇ ದಿನಗಳಲ್ಲಿ ಪೂರ್ತಿ ಹೊರಟುಹೋಗುವ ಔಷಧ. ಅದು ಹೃದಯದಲ್ಲಿ ಎಲ್ಲೋ ಕೂತು ಕಾಯುವುದಿಲ್ಲ. ನಿಲ್ಲಿಸಿದ ಮೇಲೆ ಸುಮಾರು ಒಂದು ವರ್ಷ ಅಪಾಯದ ಬಾಲ ಉಳಿದಿರಬಹುದು ಎಂಬ ಸೂಚನೆ ಮುಂದಿನ ಪರಿಶೀಲನೆಯಲ್ಲಿ ಕಂಡಿತ್ತು, ಅಷ್ಟೇ. ನೀವು ಬಿಟ್ಟು ಇಪ್ಪತ್ತು ವರ್ಷ ದಾಟಿದೆ. ಆ ಲೆಕ್ಕ ಮುಗಿದಿದೆ. ಹಳೆಯ ಮಾತ್ರೆಯ ಹೆಸರಿನಲ್ಲಿ ಆಂಜಿಯೋಗ್ರಾಂ ಮಾಡಿಸಿ ಎಂದು ಯಾರಾದರೂ ಹೇಳಿದರೆ ಬೇಡ ಎನ್ನಿ. ನನಗೆ ಚಿಂತೆ ಇರುವುದು 2002ರ ಮಾತ್ರೆಯ ಬಗ್ಗೆ ಅಲ್ಲ, ಈ ಎಂಟು ತಿಂಗಳಿಂದ ನುಂಗುತ್ತಿರುವುದರ ಬಗ್ಗೆ. ಆದರೆ ಈಗಿನದು ಅರ್ಥವಾಗಬೇಕಾದರೆ ಆಗ ನಡೆದದ್ದು ಸ್ವಲ್ಪ ಗೊತ್ತಿರಬೇಕು.

ಅಮೆರಿಕದ ಮೆರ್ಕ್ ಕಂಪನಿ 'ವಯಾಕ್ಸ್' ಎಂಬ ಹೆಸರಿನಲ್ಲಿ ರೋಫೆಕಾಕ್ಸಿಬ್ ಬಿಟ್ಟದ್ದು 1999ರಲ್ಲಿ. ನಮ್ಮಲ್ಲಿ ಬೇರೆ ಬೇರೆ ಕಂಪನಿಗಳು ತಮ್ಮ ತಮ್ಮ ಹೆಸರಿನಲ್ಲಿ ಅದನ್ನೇ ಮಾರಿದವು. ಅದರ ಹೆಗ್ಗಳಿಕೆಯೆಲ್ಲ ಹೊಟ್ಟೆಗೆ ಹಿತ ಎಂಬುದರಲ್ಲಿತ್ತು, ಅದು ಸುಳ್ಳೂ ಅಲ್ಲ. 2000ದಲ್ಲಿ ಪ್ರಕಟವಾದ 'ವಿಗರ್' ಎಂಬ ಅಧ್ಯಯನದಲ್ಲಿ ಎಂಟು ಸಾವಿರಕ್ಕೂ ಹೆಚ್ಚು ಸಂಧಿವಾತ ರೋಗಿಗಳಿದ್ದರು. ನ್ಯಾಪ್ರೋಕ್ಸೆನ್ ಎಂಬ ಹಳೆಯ ಮಾತ್ರೆಗೆ ಹೋಲಿಸಿದರೆ ಹೊಟ್ಟೆಯ ಹುಣ್ಣು, ರಕ್ತಸ್ರಾವ ಅರ್ಧಕ್ಕೂ ಕೆಳಗಿಳಿದಿತ್ತು. ಆದರೆ ಅದೇ ಅಧ್ಯಯನದಲ್ಲಿ ಹೃದಯಾಘಾತ ಹೆಚ್ಚಿತ್ತು, ನ್ಯಾಪ್ರೋಕ್ಸೆನ್ ಗುಂಪಿನಲ್ಲಿ ನೂರಕ್ಕೆ 0.1, ಇದರಲ್ಲಿ 0.4. ನ್ಯಾಪ್ರೋಕ್ಸೆನ್ನೇ ಹೃದಯವನ್ನು ಕಾಪಾಡುತ್ತದೆ, ನಮ್ಮ ಮಾತ್ರೆಯದೇನೂ ತಪ್ಪಿಲ್ಲ ಎಂದು ಕಂಪನಿ ವಾದಿಸಿತು. ಆ ವಾದದಲ್ಲಿ ಎಳ್ಳಷ್ಟು ಹುರುಳಿತ್ತು. ಆದರೆ ಅಂಥ ಸಂಖ್ಯೆ ಕಣ್ಣೆದುರು ಬಂದ ಮೇಲೆ ಹೃದಯವನ್ನೇ ಗುರಿಯಾಗಿಟ್ಟುಕೊಂಡ ಅಧ್ಯಯನ ಆಗಲೇ ಶುರುವಾಗಬೇಕಿತ್ತು ಎಂಬುದು ನನ್ನ ಅಭಿಪ್ರಾಯ. ಮೂರು ಹೃದಯಾಘಾತಗಳು ಆ ಲೇಖನದಲ್ಲಿ ಸೇರಿರಲೇ ಇಲ್ಲ ಎಂದು ಅದನ್ನು ಪ್ರಕಟಿಸಿದ್ದ ವೈದ್ಯಕೀಯ ಪತ್ರಿಕೆಯೇ 2005ರಲ್ಲಿ ಆಕ್ಷೇಪ ಎತ್ತಿತು.

ಕೊನೆಗೆ ಸತ್ಯ ಹೊರಬಿದ್ದದ್ದು ಕೀಲುನೋವಿಗೆ ಸಂಬಂಧವೇ ಇಲ್ಲದ ಕಡೆಯಿಂದ. ದೊಡ್ಡ ಕರುಳಿನಲ್ಲಿ ಗಡ್ಡೆಗಳು ಮರುಕಳಿಸುವುದನ್ನು ಈ ಮಾತ್ರೆ ತಡೆಯುತ್ತದೆಯೇ ಎಂದು 2586 ಜನರ ಮೇಲೆ ಪರೀಕ್ಷೆ ನಡೆದಿತ್ತು. ಅರ್ಧ ಜನಕ್ಕೆ ಮಾತ್ರೆ, ಅರ್ಧ ಜನಕ್ಕೆ ಔಷಧವಿಲ್ಲದ ಖಾಲಿ ಗುಳಿಗೆ. ಸಾವಿರ ಜನ ಒಂದು ವರ್ಷ ತೆಗೆದುಕೊಂಡರೆ ಎಂದು ಲೆಕ್ಕ ಹಾಕಿದಾಗ ಖಾಲಿ ಗುಳಿಗೆಯವರಲ್ಲಿ ಹೃದಯಾಘಾತ, ಪಾರ್ಶ್ವವಾಯು ಥರದ ಘಟನೆಗಳು ಸುಮಾರು 8, ಮಾತ್ರೆಯವರಲ್ಲಿ 15. ಮೆರ್ಕ್ 2004ರ ಸೆಪ್ಟೆಂಬರ್ 30ರಂದು ತಾನಾಗಿ ಮಾತ್ರೆಯನ್ನು ಜಗತ್ತಿನಾದ್ಯಂತ ಹಿಂಪಡೆಯಿತು. ಅಲ್ಲಿನ ಸರ್ಕಾರ ಬ್ಯಾನ್ ಮಾಡಿದ್ದಲ್ಲ. ನಿಮ್ಮ ಮೆಡಿಕಲ್ ಶಾಪಿನವರು ಹೇಳಿದ ಬ್ಯಾನ್ ನಮ್ಮ ದೇಶದ್ದು, 2004ರ ಡಿಸೆಂಬರಿನದು. ವಾಲ್ಡೆಕಾಕ್ಸಿಬ್ ಎಂಬ ಇನ್ನೊಂದು ಮಾತ್ರೆಯೂ ಮರುವರ್ಷ ಅದೇ ಹಾದಿ ಹಿಡಿಯಿತು. ಹಿಂಪಡೆದ ಕೆಲವೇ ತಿಂಗಳಿಗೆ ಅಮೆರಿಕದ ತಜ್ಞರ ಸಮಿತಿಯೊಂದು, ಎಚ್ಚರಿಕೆಯೊಂದಿಗೆ ವಯಾಕ್ಸನ್ನು ಮತ್ತೆ ಬಿಡಬಹುದು ಎಂದು 17-15 ಮತಗಳಿಂದ ಹೇಳಿತ್ತು. ನಿಮ್ಮ ಹಾಗೆ ಅದರಿಂದ ನಿಜವಾಗಿ ಹಾಯಾಗಿದ್ದವರು ಅಷ್ಟು ಜನರಿದ್ದರು. ಮಾತ್ರೆ ಮಾತ್ರ ಮರಳಿ ಬರಲಿಲ್ಲ.

ಸಾವಿರಕ್ಕೆ ಏಳು ಹೆಚ್ಚು ಎಂದರೆ ಕಡಿಮೆ ಎನಿಸಬಹುದು. ಆದರೆ ನುಂಗಿದ್ದವರು ಜಗತ್ತಿನಲ್ಲಿ ಎಂಟು ಕೋಟಿಗೂ ಹೆಚ್ಚು. ಸಾವಿರಕ್ಕೆ ಏಳೇ ಆದ್ದರಿಂದ ನಿಮ್ಮೂರಿನ ಡಾಕ್ಟರಿಗೆ ಇದು ಕಾಣಿಸದೆ ಹೋಯಿತು. ಅರವತ್ತು ದಾಟಿದವರೊಬ್ಬರಿಗೆ ಹಾರ್ಟ್ ಅಟ್ಯಾಕ್ ಆದರೆ ಮಂಡಿಯ ಮಾತ್ರೆಯನ್ನು ಯಾರು ಅನುಮಾನಿಸುತ್ತಾರೆ?

ಕಾರಣ ಇಷ್ಟು. ನೋವು, ಊತ ಹುಟ್ಟಿಸುವ ರಾಸಾಯನಿಕಗಳನ್ನು ದೇಹದಲ್ಲಿ ತಯಾರಿಸುವ ಕಾಕ್ಸ್ ಎಂಬ ಕಿಣ್ವ ಎರಡು ಬಗೆ. ಒಂದನೆಯದು ಜಠರದ ಒಳಪದರವನ್ನು ಕಾಯುತ್ತದೆ, ಜೊತೆಗೆ ರಕ್ತ ಹೆಪ್ಪುಗಟ್ಟಲು ನೆರವಾಗುತ್ತದೆ. ಎರಡನೆಯದು ಊತದ ಜಾಗದಲ್ಲಿ ಕೆಲಸ ಮಾಡುತ್ತದೆ, ಆದರೆ ರಕ್ತನಾಳದ ಒಳಗೋಡೆಯಲ್ಲಿ ಹೆಪ್ಪುಗಟ್ಟದಂತೆ ತಡೆಯುವ ಪ್ರೊಸ್ಟಾಸೈಕ್ಲಿನ್ ಅನ್ನೂ ಅದೇ ತಯಾರಿಸುತ್ತದೆ. ಡೈಕ್ಲೋಫೆನಾಕ್, ಐಬುಪ್ರೊಫೇನ್ ಮುಂತಾದ ಹಳೆಯ ನೋವಿನ ಮಾತ್ರೆಗಳು ಎರಡನ್ನೂ ಅದುಮಿಡುತ್ತವೆ, ಹಾಗಾಗಿ ಹೊಟ್ಟೆ ಉರಿ. ರೋಫೆಕಾಕ್ಸಿಬ್ ಎರಡನೆಯದನ್ನು ಮಾತ್ರ ಅದುಮಿಟ್ಟಿತು. ಹೊಟ್ಟೆ ಉಳಿಯಿತು, ಆದರೆ ಹೆಪ್ಪುಗಟ್ಟಿಸುವ ಕಡೆಯ ಕೆಲಸ ಹಾಗೇ ಮುಂದುವರಿದು ತಡೆಯುವ ಕಡೆ ಕೈಕಟ್ಟಿ ಕೂತಿತು. ಇದರ ಮೇಲೆ ಉಪ್ಪು, ನೀರು ದೇಹದಲ್ಲೇ ಉಳಿದು ಬಿಪಿಯೂ ಏರುತ್ತದೆ.

ನಿಮ್ಮ ಮಗ ಹೇಳಿದ್ದು ಸರಿ. ಎಟೋರಿಕಾಕ್ಸಿಬ್ ಅದೇ ಗುಂಪಿನದು. ಮೆರ್ಕ್‌ನದೇ ಔಷಧವಾದ ಇದಕ್ಕೆ ಅಮೆರಿಕದಲ್ಲಿ 2007ರಲ್ಲಿ ಅನುಮತಿ ಸಿಗಲಿಲ್ಲ. ಯುರೋಪಿನಲ್ಲಿ, ನಮ್ಮಲ್ಲಿ ಇದೆ. ಹಾಗೆಂದು ಇದು ವಿಷವಲ್ಲ. ಸುಮಾರು ಮೂವತ್ತೈದು ಸಾವಿರ ಜನರ ಅಧ್ಯಯನದಲ್ಲಿ ಇದರ ಹೃದಯದ ಅಪಾಯ ಡೈಕ್ಲೋಫೆನಾಕ್‌ನಷ್ಟೇ ಇತ್ತು. ಇದರಲ್ಲಿ ನೆಮ್ಮದಿ ಪಡುವಂಥದ್ದೇನೂ ಇಲ್ಲ, ಡೈಕ್ಲೋಫೆನಾಕ್ ಕೂಡ ಹೃದಯಕ್ಕೆ ಒಳ್ಳೆಯದಲ್ಲ ಎಂದು ಆಮೇಲೆ ಖಚಿತವಾಯಿತು. ಎಟೋರಿಕಾಕ್ಸಿಬ್ ಬಗ್ಗೆ ಯುರೋಪಿನ ನಿಯಮ ಸ್ಪಷ್ಟ. ಬಿಪಿ 140/90ರ ಮೇಲೇ ಇದ್ದು ಹಿಡಿತಕ್ಕೆ ಬಾರದವರಿಗೆ ಇದು ಬೇಡ. ಮಂಡಿ ಸವೆತಕ್ಕೆ ಅಲ್ಲಿನ ಪ್ರಮಾಣ ದಿನಕ್ಕೆ 30 ಮಿಲಿಗ್ರಾಂ, ಹೆಚ್ಚೆಂದರೆ 60. ನೀವು ತೆಗೆದುಕೊಳ್ಳುತ್ತಿರುವುದು 90.

ಸಂಜೆಯ ಪಾದದ ಊತಕ್ಕೆ ಬೇರೆ ಕಾರಣಗಳೂ ಇರಬಹುದು, ಆದರೆ ನನ್ನ ಮೊದಲ ಅನುಮಾನ ಈ ಮಾತ್ರೆಯ ಮೇಲೇ. ಮೊಣಕಾಲಿನ ಕೆಳಗೆ, ಕಾಲಿನ ಮುಂದಿನ ಮೂಳೆಯ ಮೇಲೆ ಹೆಬ್ಬೆರಳನ್ನು ಹತ್ತು ಸೆಕೆಂಡು ಒತ್ತಿ ತೆಗೆಯಿರಿ. ಗುಳಿ ಬಿದ್ದು ಹಾಗೇ ನಿಂತರೆ ನೀರು ತುಂಬಿದೆ ಎಂದರ್ಥ. ಇಂಥ ಸ್ಥಿತಿಯಲ್ಲಿ ಬಿಪಿ ಮಾತ್ರೆಯನ್ನು ಹೆಚ್ಚಿಸುತ್ತಾ ಹೋಗಿ, ಅದನ್ನು ಏರಿಸುತ್ತಿರುವ ನೋವಿನ ಮಾತ್ರೆಯನ್ನು ಯಾರೂ ಕೇಳದೇ ಇರುವುದು ನಮ್ಮಲ್ಲಿ ಮಾಮೂಲು.

ಇನ್ನೊಂದು ಅಪಾಯ ಕಿಡ್ನಿಯದು, ನಿಮ್ಮ ವಿಷಯದಲ್ಲಿ ನನಗೆ ಹೆಚ್ಚು ಕಾಡುವುದು ಅದೇ. ಕಿಡ್ನಿಯಲ್ಲಿ ರಕ್ತ ಸೋಸುವ ಜಾಗವನ್ನು ಗದ್ದೆ ಎಂದುಕೊಳ್ಳಿ. ನೀರು ಒಳಬರುವ ತೂಬನ್ನು ನೋವಿನ ಮಾತ್ರೆ ಕಿರಿದು ಮಾಡುತ್ತದೆ. ಹೊರಹೋಗುವ ತೂಬನ್ನು ಟೆಲ್ಮಿಸಾರ್ಟಾನ್ ಅಗಲ ಮಾಡುತ್ತದೆ. ಕಾಲುವೆಯಲ್ಲಿರುವ ನೀರನ್ನೇ ಹೈಡ್ರೋಕ್ಲೋರೋಥಯಾಜೈಡ್ ಇಳಿಸುತ್ತದೆ. ಮೂರೂ ಸೇರಿದರೆ ಗದ್ದೆ ಒಣಗುತ್ತದೆ. ವಾಂತಿ ಭೇದಿಯಾದಾಗ, ಬೇಸಿಗೆಯಲ್ಲಿ ನೀರು ಕುಡಿಯುವುದು ಕಡಿಮೆಯಾದಾಗ ಎರಡು ಮೂರು ದಿನದಲ್ಲೇ ರಕ್ತದಲ್ಲಿ ಕ್ರಿಯಾಟಿನಿನ್ (ಕಿಡ್ನಿ ಸೋಸಿ ಹೊರಹಾಕಬೇಕಾದ ಕಸ) ಏರಿ ಆಸ್ಪತ್ರೆ ಸೇರಿದವರನ್ನು ನೋಡಿದ್ದೇನೆ. ಬಿಪಿ ಮಾತ್ರೆಯನ್ನು ನೀವಾಗಿ ಬಿಡಬೇಡಿ. ಬಿಡಬೇಕಾದದ್ದು ಎಟೋರಿಕಾಕ್ಸಿಬ್. ಅದನ್ನು ಮೆಲ್ಲಗೆ ಇಳಿಸುತ್ತಾ ಬರಬೇಕೆಂದೇನೂ ಇಲ್ಲ, ನಾಳೆಯಿಂದಲೇ ನಿಲ್ಲಿಸಬಹುದು. ನಿಲ್ಲಿಸಿದ ಒಂದೆರಡು ವಾರದಲ್ಲಿ ಬಿಪಿ ಇಳಿಯುವ ಸಾಧ್ಯತೆ ಇದೆ. ತಲೆ ಸುತ್ತಿದರೆ ಡಾಕ್ಟರಿಗೆ ತಿಳಿಸಿ, ಬಿಪಿ ಮಾತ್ರೆಯ ಪ್ರಮಾಣ ಬದಲಾಗಬೇಕಾಗಬಹುದು.

ಹಾಗಾದರೆ ಮಂಡಿಗೆ ಏನು? ಹಳೇ ಮಾತ್ರೆಯಷ್ಟು ಚುರುಕಾಗಿದ್ದು ಯಾವ ಅಪಾಯವೂ ಇಲ್ಲದ ಮಾತ್ರೆ ಇಲ್ಲ. ಇದನ್ನು ಮುಚ್ಚುಮರೆಯಿಲ್ಲದೆ ಹೇಳಬೇಕು. ಆದರೆ ರೋಫೆಕಾಕ್ಸಿಬ್ ಯಾವ ಕಾಯಿಲೆಯನ್ನೂ ವಾಸಿ ಮಾಡುತ್ತಿರಲಿಲ್ಲ ಎಂಬುದೂ ನೆನಪಿರಲಿ. ಮಂಡಿ ಸವೆತ, ಸಂಧಿವಾತ, ಮುಟ್ಟಿನ ನೋವು, ಹಲ್ಲು ಕಿತ್ತ ಮೇಲಿನ ನೋವು, ಕೊನೆಕೊನೆಗೆ ಮೈಗ್ರೇನ್, ಎಲ್ಲದಕ್ಕೂ ಅದನ್ನೇ ಕೊಟ್ಟರು. ಎಲ್ಲದರಲ್ಲೂ ಅದು ಮಾಡುತ್ತಿದ್ದದ್ದು ನೋವನ್ನು ಅಡಗಿಸುವುದು ಮಾತ್ರ. ಈಗ ಪ್ರತಿಯೊಂದಕ್ಕೂ ದಾರಿ ಬೇರೆ. ನೀವು ಮತ್ತು ನಿಮ್ಮ ತಂಗಿ ಒಂದೇ ಸ್ಟ್ರಿಪ್ಪಿನ ಮಾತ್ರೆ ನುಂಗಿದಿರಿ, ಕಾಯಿಲೆಗಳು ಮಾತ್ರ ಪೂರ್ತಿ ಬೇರೆ.

ನಿಮ್ಮದು ಸವೆತ ಎಂದು ಪತ್ರದಿಂದ ಊಹಿಸುತ್ತೇನೆ, ಪರೀಕ್ಷಿಸಿ ಖಚಿತ ಮಾಡಿಕೊಳ್ಳಬೇಕು. ಮಂಡಿಯ "ಎಣ್ಣೆ ಖಾಲಿಯಾಗಿದೆ" ಎಂಬ ಮಾತು ನಂಬಬೇಡಿ. ಮೂಳೆಯ ತುದಿಯ ಮೆತ್ತನೆಯ ಪದರ ತೆಳುವಾಗಿರುತ್ತದೆ, ಸುತ್ತಲಿನ ಪೊರೆ ಆಗಾಗ ಕೆರಳುತ್ತದೆ, ಮುಖ್ಯವಾಗಿ ತೊಡೆಯ ಮುಂದಿನ ಸ್ನಾಯು ಸೊರಗಿರುತ್ತದೆ. ತೆಳುವಾದ ಪದರವನ್ನು ಹಿಂದಕ್ಕೆ ತರಲಾಗದು, ಸ್ನಾಯುವಿನ ಬಲವನ್ನು ಖಂಡಿತ ತರಬಹುದು. ಮಂಚದ ಮೇಲೆ ಕಾಲು ಚಾಚಿ ಕುಳಿತು ಮಂಡಿಯ ಕೆಳಗೆ ಸುತ್ತಿದ ಟವೆಲ್ ಇಡಿ. ಮಂಡಿಯಿಂದ ಟವೆಲನ್ನು ಕೆಳಕ್ಕೆ ಒತ್ತಿ, ತೊಡೆ ಬಿಗಿದು, ಐದು ಸೆಕೆಂಡ್ ಹಿಡಿದು ಬಿಡಿ. ಹತ್ತು ಸಲ, ದಿನಕ್ಕೆ ಮೂರು ಹೊತ್ತು. ಇದು ಹಗುರವಾದ ಮೇಲೆ, ಗೋಡೆಗೆ ಒತ್ತಿಟ್ಟ ಗಟ್ಟಿ ಕುರ್ಚಿಯಿಂದ ಕೈ ಊರದೆ ಏಳುವುದು, ಕೂರುವುದು. ಮೊದಲ ವಾರ ನೋವು ಸ್ವಲ್ಪ ಹೆಚ್ಚಬಹುದು, ಅದು ಹಾಳಾಗುತ್ತಿರುವ ಲಕ್ಷಣವಲ್ಲ. ಫಲ ಕಾಣಲು ಆರರಿಂದ ಎಂಟು ವಾರ ಬೇಕು. ಎರಡನೇ ವಾರಕ್ಕೇ ಬಿಡುವವರೇ ಜಾಸ್ತಿ, ಅದಕ್ಕೇ "ವ್ಯಾಯಾಮದಿಂದ ಏನೂ ಆಗಲ್ಲ" ಎಂಬ ಮಾತು ಹುಟ್ಟಿದ್ದು. ತೂಕ ಹೆಚ್ಚಿದ್ದರೆ ಒಂದು ಕಿಲೋ ಇಳಿದರೂ ಪ್ರತಿ ಹೆಜ್ಜೆಗೆ ಮಂಡಿಯ ಮೇಲಿನ ಭಾರ ನಾಲ್ಕು ಕಿಲೋದಷ್ಟು ಇಳಿಯುತ್ತದೆ. ನೆಲದ ಮೇಲೆ ಚಕ್ಕಂಬಕ್ಕಳ ಹಾಕಿ ಕೂರುವುದು, ಇಂಡಿಯನ್ ಟಾಯ್ಲೆಟ್ ಎರಡನ್ನೂ ಸದ್ಯಕ್ಕೆ ಬಿಡಿ.

ಔಷಧಗಳಲ್ಲಿ ನಿಮಗೆ ಮೊದಲನೆಯದು ಡೈಕ್ಲೋಫೆನಾಕ್ ಜೆಲ್. ನುಂಗಿದಾಗ ಹೃದಯಕ್ಕೆ ತೊಂದರೆ ಕೊಡುವ ಅದೇ ಔಷಧ, ಹಚ್ಚಿದಾಗ ರಕ್ತಕ್ಕೆ ಸೇರುವುದು ತೀರಾ ಕಡಿಮೆ. ಕಡಲೆಕಾಳಿನಷ್ಟು ಸವರಿದರೆ ಸಾಲದು, ಮಂಡಿಯ ಸುತ್ತ ಧಾರಾಳವಾಗಿ, ಡಾಕ್ಟರು ಹೇಳಿದಷ್ಟು ಸಲ ಹಚ್ಚಬೇಕು. ಪ್ಯಾರಾಸಿಟಮಾಲ್ ಸವೆತದ ನೋವಿಗೆ ಅಷ್ಟಕ್ಕಷ್ಟೇ, ಆದರೂ ಮದುವೆಗೋ ಯಾತ್ರೆಗೋ ಹೋಗುವ ದಿನ 650ರದು ಒಂದೆರಡು ತೆಗೆದುಕೊಳ್ಳಬಹುದು. ಎಷ್ಟು ನೋವಿದ್ದರೂ ದಿನಕ್ಕೆ ನಾಲ್ಕು ಮೀರದಿರಲಿ. ನೋವು ತೀರಾ ಕಾಡಿದರೆ ಡುಲಾಕ್ಸೆಟೀನ್ ಎಂಬ ಮಾತ್ರೆಯನ್ನು ಡಾಕ್ಟರು ಯೋಚಿಸಬಹುದು. "ಇದು ಡಿಪ್ರೆಶನ್ನಿನದಲ್ವಾ" ಎಂದು ಅಂಗಡಿಯವರು ಕೇಳಿದರೆ ಗಾಬರಿಯಾಗಬೇಡಿ, ಬಹುದಿನದ ನೋವಿಗೂ ಅದನ್ನು ಕೊಡುತ್ತಾರೆ. ಬಾಯಿ ಒಣಗುವುದು, ವಾಕರಿಕೆ ಅದರ ತೊಂದರೆಗಳು, ಬಿಪಿಯ ಮೇಲೂ ಕಣ್ಣಿಡಬೇಕು. ಟ್ರಮಡಾಲ್ ಎಂಬ ಇನ್ನೂ ಬಲವಾದ ನೋವಿನ ಮಾತ್ರೆ ನಿಮ್ಮ ವಯಸ್ಸಿಗೆ ನನಗೆ ಇಷ್ಟವಿಲ್ಲ. ತಲೆ ಸುತ್ತಿ ಬಿದ್ದು ಸೊಂಟದ ಮೂಳೆ ಮುರಿದರೆ ಮಂಡಿನೋವು ಮರೆತೇ ಹೋಗುತ್ತದೆ.

ಮಂಡಿಗೆ ಸ್ಟೀರಾಯ್ಡ್ ಇಂಜೆಕ್ಷನ್ ಕೆಲವು ವಾರ ಹಾಯೆನಿಸುತ್ತದೆ. ಮಂಡಿ ಊದಿ ಕೆಂಡವಾದಾಗ ಒಮ್ಮೆ ಸರಿ, ಮೂರು ತಿಂಗಳಿಗೊಮ್ಮೆ ಚುಚ್ಚಿಸುತ್ತಾ ಹೋದರೆ ಇರುವ ಪದರವೂ ತೆಳುವಾಗುತ್ತದೆ. ರಕ್ತದಿಂದ ಪ್ಲೇಟ್‌ಲೆಟ್ ತೆಗೆದು ಚುಚ್ಚುವ ಪಿಆರ್‌ಪಿಗೆ ಈಗ ಭಾರಿ ಪ್ರಚಾರ. 2021ರಲ್ಲಿ ಪ್ರಕಟವಾದ ಆಸ್ಟ್ರೇಲಿಯಾದ ಅಧ್ಯಯನದಲ್ಲಿ ಅದು ಉಪ್ಪುನೀರಿನ ಇಂಜೆಕ್ಷನ್ನಿಗಿಂತ ಮೇಲೆನಿಸಲಿಲ್ಲ. ಕೀಲಿನ ಪದರಕ್ಕೆ ಒಳ್ಳೆಯದೆಂದು ಮಾರುವ ಗ್ಲುಕೋಸಮೀನ್ ದುಡ್ಡು ದಂಡ. ಹೆಸರಿಲ್ಲದ ಪೊಟ್ಟಣದ ಪುಡಿ ಒಂದೇ ದಿನದಲ್ಲಿ ನೋವು ತೆಗೆದರೆ ಅದರಲ್ಲಿ ಸ್ಟೀರಾಯ್ಡ್ ಇದೆಯೆಂದೇ ನಾನು ಅನುಮಾನಿಸುತ್ತೇನೆ.

ಇಷ್ಟೆಲ್ಲ ಮಾಡಿಯೂ ರಾತ್ರಿ ನಿದ್ದೆ ಕೆಟ್ಟರೆ, ಮನೆಯಿಂದ ಹೊರಗೆ ಕಾಲಿಡುವುದೇ ಕಷ್ಟವಾದರೆ, ಮಂಡಿ ಬದಲಿಸುವ ಆಪರೇಷನ್ ಬಗ್ಗೆ ಕೇಳಿ. ಹಾಕಿದ ಮಂಡಿಗಳಲ್ಲಿ ಹತ್ತಕ್ಕೆ ಎಂಟು 25 ವರ್ಷ ಬಾಳುತ್ತವೆ. ಸೋಂಕು, ಕಾಲಿನಲ್ಲಿ ರಕ್ತ ಹೆಪ್ಪುಗಟ್ಟುವಿಕೆ ಅದರ ಅಪಾಯಗಳು. ಹತ್ತರಲ್ಲಿ ಒಂದಿಬ್ಬರಿಗೆ ಆಪರೇಷನ್ ಸರಿಯಾಗಿ ಆದರೂ ನೋವು ಉಳಿಯುತ್ತದೆ. ಕೃತಕ ಮಂಡಿಯ ಬೆಲೆಗೆ 2017ರಲ್ಲಿ ಕೇಂದ್ರ ಸರ್ಕಾರ ಮಿತಿ ಹಾಕಿದೆ, ಬಿಲ್ಲಿನಲ್ಲಿ ಅದನ್ನು ಬೇರೆಯಾಗಿ ತೋರಿಸಲು ಕೇಳಿ.

ತಂಗಿಯ ವಿಷಯ ನಿಮ್ಮದಕ್ಕಿಂತ ತುರ್ತಿನದು. ಬೆರಳಿನ ಗಂಟುಗಳು ಊದಿ, ಬೆಳಗ್ಗೆ ಎದ್ದಾಗ ಅರ್ಧ ಗಂಟೆ, ಒಂದು ಗಂಟೆ ಬೆರಳು ಮಡಚಲಾಗದೆ ಇರುವುದು ರುಮಟಾಯ್ಡ್ ಸಂಧಿವಾತದ ಲಕ್ಷಣ. ಅಲ್ಲಿ ದೇಹದ ರೋಗನಿರೋಧಕ ಶಕ್ತಿಯೇ ಕೀಲನ್ನು ತಿನ್ನುತ್ತಿರುತ್ತದೆ. ನೋವಿನ ಮಾತ್ರೆ ಅದನ್ನು ತಡೆಯುವುದಿಲ್ಲ. ನೋವು ಕಡಿಮೆಯಿದೆ ಎಂದು ಅವರು ಸುಮ್ಮನಿರುವಾಗಲೇ ಬೆರಳು ಸೊಟ್ಟಗಾಗುತ್ತಿರುತ್ತದೆ. ಅವರು ಬಿಟ್ಟ ವಾರದ ಮಾತ್ರೆ ಬಹುಶಃ ಮೆಥೊಟ್ರೆಕ್ಸೇಟ್. ಕ್ಯಾನ್ಸರಿಗೂ ಅದನ್ನು ಕೊಡುತ್ತಾರೆ, ನಿಜ. ಆದರೆ ಅಲ್ಲಿನ ಪ್ರಮಾಣದ ಮುಂದೆ ಸಂಧಿವಾತಕ್ಕೆ ಕೊಡುವುದು ಅತ್ಯಲ್ಪ. ಈ ಕಾಯಿಲೆಗೆ ನಮ್ಮ ಮೊದಲ ಆಯ್ಕೆ ಇವತ್ತಿಗೂ ಅದೇ. ಫೋಲಿಕ್ ಆಸಿಡ್ ಜೊತೆಗಿರಬೇಕು, ರಕ್ತ ಮತ್ತು ಲಿವರ್ ಪರೀಕ್ಷೆ ಕಾಲಕಾಲಕ್ಕೆ ಆಗಬೇಕು. ಮತ್ತೆ ಶುರು ಮಾಡಿದರೆ ವಾರದ ದಿನವನ್ನು ಡಬ್ಬಿಯ ಮೇಲೆ ಕನ್ನಡದಲ್ಲಿ ದೊಡ್ಡದಾಗಿ ಬರೆದಿಡಿ. ವಾರಕ್ಕೊಮ್ಮೆಯದನ್ನು ದಿನವೂ ನುಂಗಿ ಜೀವಕ್ಕೆ ಕುತ್ತು ಬಂದ ಪ್ರಕರಣಗಳಿವೆ. ಹಳೇ ಚೀಟಿ ಹಿಡಿದು ಅವರೇ ಶುರು ಮಾಡುವುದು ಬೇಡ, ಸಂಧಿವಾತ ತಜ್ಞರನ್ನು ಈ ತಿಂಗಳೇ ಕಾಣಲಿ.

ನೀವು ಡಾಕ್ಟರ ಹತ್ತಿರ ಹೋಗುವಾಗ ಹಳೇ ಚೀಟಿಯೊಂದನ್ನೇ ಒಯ್ಯಬೇಡಿ. ಮನೆಯಲ್ಲಿರುವ ಎಲ್ಲ ಸ್ಟ್ರಿಪ್ಪು, ಜೆಲ್, ಪುಡಿಗಳನ್ನು ಒಂದು ಚೀಲದಲ್ಲಿ ಹಾಕಿಕೊಂಡು ಹೋಗಿ. ಮಾತ್ರೆ ನಿಲ್ಲಿಸಿದ ದಿನದಿಂದ ಬೆಳಗ್ಗೆ ಸಂಜೆ ಬಿಪಿ ನೋಡಿ ಬರೆದಿಟ್ಟ ಕಾಗದವೂ ಇರಲಿ. ಕ್ರಿಯಾಟಿನಿನ್, ಪೊಟ್ಯಾಸಿಯಂ, ಹಿಮೋಗ್ಲೋಬಿನ್, ಮೂತ್ರ ಪರೀಕ್ಷೆ, ಇಷ್ಟನ್ನು ಮಾಡಿಸಲು ಕೇಳಿ. ಮಂಡಿಗೆ ನಿಂತು ತೆಗೆದ ಎಕ್ಸ್‌ರೇ ಸಾಕು, ಎಂಆರ್‌ಐ ಬೇಕಿಲ್ಲ. ಎದೆ ಹಿಡಿದಂತಾದರೆ, ನಡೆಯುವಾಗ ಉಸಿರು ಕಟ್ಟಿದರೆ, ಮೂತ್ರ ಕಡಿಮೆಯಾದರೆ, ಮಲ ಡಾಂಬರಿನಂತೆ ಕಪ್ಪಾದರೆ ಡಾಕ್ಟರ ಅಪಾಯಿಂಟ್‌ಮೆಂಟ್ ಕಾಯದೆ ನೇರ ಆಸ್ಪತ್ರೆಗೆ ಹೋಗಿ.